ಜವೆಗೋದಿಯ ಘಟ್ಟವೂ ಚಹದ ಚಿಗುರೂ

ಕೊರಿಯಾ ದೇಶದ ಹಳ್ಳಿಗರ ಬಾಯಲ್ಲಿ ‘ಬೊರಿತ್‌ಗೊಗೆ’ ಎಂಬ ಒಂದು ಮಾತು ಬಹುಕಾಲ ಬಳಕೆಯಲ್ಲಿದ್ದಿತು. ಬೊರಿ ಎಂದರೆ ಜವೆಗೋದಿ. ಗೊಗೆ ಎಂದರೆ ಬೆಟ್ಟವನ್ನು ದಾಟುವ ಘಟ್ಟದ ದಾರಿ. ಆದರೆ ಈ ಜವೆಗೋದಿಯ ಘಟ್ಟವು ಯಾವ ಬೆಟ್ಟದಲ್ಲಿಯೂ ಇಲ್ಲ, ಅದಿರುವುದು ಪಂಚಾಂಗದಲ್ಲಿ. ಶರತ್ಕಾಲದಲ್ಲಿ ಕೊಯ್ದ ಭತ್ತವು ಗೇಣಿಗೂ ಕಂದಾಯಕ್ಕೂ ಸಾಲಕ್ಕೂ ಸಂದು, ಉಳಿದ ಅಷ್ಟಿಷ್ಟು ಚಳಿಗಾಲದಲ್ಲಿ ತೀರಿಹೋಗಿ, ಹೊಸ ಜವೆಗೋದಿ ಇನ್ನೂ ಹೊಲದಲ್ಲಿ ಹಸುರಾಗಿಯೇ ನಿಂತಿರುವ ಕಾಲಕ್ಕೆ ಅವರು ಇಟ್ಟ ಹೆಸರು ಅದು. ಏಪ್ರಿಲ್ ಮೇ ತಿಂಗಳುಗಳ ಆ ಏರನ್ನು ಏರಿ ಇಳಿಯುವುದರೊಳಗಾಗಿ ಎಷ್ಟೋ ಮನೆಗಳಲ್ಲಿ ಮುದುಕರೂ ಮಕ್ಕಳೂ ಸೊರಗಿಹೋಗುತ್ತಿದ್ದರು.

ಅದೇ ತಿಂಗಳುಗಳಲ್ಲಿಯೇ ಆ ದೇಶದ ಗುಡ್ಡಗಳು ನಸುಗೆಂಪು ಹೂವಿನಿಂದ ಮುಚ್ಚಿಹೋಗುತ್ತವೆ. ಹೊಳೆಯ ದಂಡೆಗಳಲ್ಲಿ ಚೆರಿ ಮರಗಳು ಅರಳುತ್ತವೆ. ದಕ್ಷಿಣದ ಬೆಟ್ಟಗಳ ಇಳುಕಲಿನಲ್ಲಿ ಚಹದ ಗಿಡವು ವರ್ಷದ ಮೊದಲನೆಯ ಚಿಗುರನ್ನು ಬಿಡುತ್ತದೆ. ದೇಶದ ಅತ್ಯಂತ ಚೆಲುವಾದ ಕಾಲವೂ ಅತ್ಯಂತ ಹಸಿದ ಕಾಲವೂ ಒಂದೇ ಆಗಿದ್ದಿತು. ಕೊರಿಯಾದ ವಸಂತದ ಊಟದ ಚರಿತ್ರೆಯನ್ನೂ ಚಹದ ಚರಿತ್ರೆಯನ್ನೂ ಬೇರೆ ಬೇರೆಯಾಗಿ ಹೇಳಿದರೆ ಎರಡೂ ಅರ್ಧವಾಗಿಯೇ ಉಳಿಯುತ್ತವೆ.

ಮೊದಲು ಊಟದ ಮಾತು. ಕೊರಿಯಾದವರ ಹಳೆಯ ಪಂಚಾಂಗದಲ್ಲಿ ಸೂರ್ಯನ ಗತಿಯನ್ನನುಸರಿಸಿ ವರ್ಷವನ್ನು ೨೪ ಭಾಗಗಳಾಗಿ ವಿಂಗಡಿಸಿದೆ. ಅದರಂತೆ ವಸಂತವು ಹುಟ್ಟುವುದು ಫೆಬ್ರವರಿ ೪ರ ಸುಮಾರಿಗೆ, ನೆಲದಲ್ಲಿ ಇನ್ನೂ ಹಿಮ ಇರುವಾಗ. ಹಾಂಗ್ ಸೊಕ್-ಮೊ ಎಂಬ ವಿದ್ವಾಂಸನು ೧೮೪೯ರಲ್ಲಿ ತನ್ನ ದೇಶದ ಹಬ್ಬಹರಿದಿನಗಳನ್ನು ಕುರಿತು ಬರೆದ ‘ದೊಂಗ್ಗುಕ್ ಸೆಸಿಗಿ’ ಎಂಬ ಗ್ರಂಥದಲ್ಲಿ ಆ ದಿನದ ಒಂದು ಪದ್ಧತಿ ಉಕ್ತವಾಗಿದೆ. ರಾಜಧಾನಿಯ ಸುತ್ತಣ ಗ್ಯೊಂಗ್ಗಿ ಪ್ರಾಂತದ ಬೆಟ್ಟಸೀಮೆಯ ಆರು ಊರುಗಳವರು ಹಿಮದಡಿಯಲ್ಲಿ ಮೊಳೆತ ಖಾರವಾದ ಎಳೆಯ ಸೊಪ್ಪುಗಳನ್ನು ಕಿತ್ತು ಅರಮನೆಗೆ ಕಾಣಿಕೆಯಾಗಿ ಒಪ್ಪಿಸುತ್ತಿದ್ದರಂತೆ. ದೊರೆಯ ತಟ್ಟೆಯಲ್ಲಿ ಅದು ಚಳಿಗಾಲದ ಜಡವನ್ನು ಕಳೆಯುವ ರುಚಿ. ಒಕ್ಕಲಿನ ಮನೆಯಲ್ಲಾದರೋ ಸೊಪ್ಪೆಂಬುದು ರುಚಿಗಾಗಿ ಬಂದುದಲ್ಲ. ಬೇರುಸಹಿತ ತಿನ್ನುವ ನೆಂಗಿ, ಕಾಡು ಈರುಳ್ಳಿಯ ಜಾತಿಯ ದಲ್ಲೆ, ನಮ್ಮ ಮಾಚಿಪತ್ರೆಯ ಕುಲಕ್ಕೆ ಸೇರಿದ ಸ್ಸುಕ್ — ಇವನ್ನು ಹೆಂಗಸರೂ ಹುಡುಗಿಯರೂ ಬುಟ್ಟಿ ಹಿಡಿದು ಬದುಗಳ ಮೇಲೆ ಅಗೆದು ತಂದು, ಸೋಯಾ ಅವರೆಯನ್ನು ಹುದುಗಿಸಿ ಮಾಡಿದ ದ್ವೆಂಜಾಂಗ್ ಎಂಬ ಮುದ್ದೆಯನ್ನು ಕದಡಿದ ಸಾರಿನಲ್ಲಿ ಬೇಯಿಸುತ್ತಿದ್ದರು. ಹಿಡಿ ಅಕ್ಕಿ ಇದ್ದರೆ ಅದರೊಡನೆ ಗಂಜಿಯಾಗಿ ಕಾಯಿಸುತ್ತಿದ್ದರು. ಅಕ್ಕಿ ಕಡಮೆಯಾದಷ್ಟೂ ಸೊಪ್ಪು ಹೆಚ್ಚುತ್ತಿದ್ದಿತು.

ಹಸಿವಿನ ನಡುವೆಯೂ ಹಬ್ಬ ನಿಲ್ಲಲಿಲ್ಲ. ಚಾಂದ್ರಮಾನದ ಮೂರನೆಯ ತಿಂಗಳ ಮೂರನೆಯ ದಿನ ಹೆಂಗಸರು ಹೊಳೆಯ ದಂಡೆಗೆ ಹೋಗಿ, ಕಬ್ಬಿಣದ ಹಂಡೆಯ ಮುಚ್ಚಳವನ್ನು ಕಲ್ಲುಗಳ ಮೇಲೆ ಬೋರಲಿಟ್ಟು ಕಾಯಿಸಿ, ಅಂಟು ಅಕ್ಕಿಯ ಹಿಟ್ಟನ್ನು ದುಂಡಗೆ ತಟ್ಟಿ, ಬೆಟ್ಟದ ನಸುಗೆಂಪು ಹೂವಿನ ಎಸಳುಗಳನ್ನು ಅದರಲ್ಲಿ ಸೇರಿಸಿ ಎಳ್ಳೆಣ್ಣೆಯಲ್ಲಿ ಬೇಯಿಸುವರು. ಹ್ವಾಜೊನ್ ಎಂಬ ಈ ಹೂವಿನ ದೋಸೆಯನ್ನೂ ಹಾಂಗ್ ಸೊಕ್-ಮೊ ವರ್ಣಿಸಿದ್ದಾನೆ. ಮನೆಯಿಂದ ಹೊರಗೆ ಕಾಲಿಡಲು ಅವಕಾಶ ಕಡಮೆಯಾಗಿದ್ದ ಹೆಂಗಸರಿಗೆ ಅದು ವರ್ಷಕ್ಕೊಮ್ಮೆ ಬರುವ ಬಿಡುವಿನ ದಿನವೂ ಆಗಿದ್ದಿತು.

ಇದೇ ಮೂರನೆಯ ತಿಂಗಳ ಮೂರನೆಯ ದಿನಕ್ಕೆ ಚಹದ ಚರಿತ್ರೆಯಲ್ಲಿಯೂ ಒಂದು ಸ್ಥಾನವುಂಟು. ಹದಿಮೂರನೆಯ ಶತಮಾನದಲ್ಲಿ ಇರ್ಯೊನ್ ಎಂಬ ಬೌದ್ಧ ಭಿಕ್ಷುವು ಸಂಗ್ರಹಿಸಿದ ‘ಸಾಮ್ಗುಕ್ ಯುಸಾ’ ಎಂಬ ಗ್ರಂಥವು ಈ ಕಥೆಯನ್ನು ಹೇಳುತ್ತದೆ. ಸಿಲ್ಲಾ ರಾಜ್ಯದ ಗ್ಯೊಂಗ್‌ದೊಕ್ ದೊರೆಯು ತನ್ನ ಆಳಿಕೆಯ ಕೊನೆಯ ವರ್ಷವಾದ ೭೬೫ರಲ್ಲಿ ಆ ದಿನ ರಾಜಧಾನಿಯಾದ ಗ್ಯೊಂಗ್‌ಜುವಿನ ಒಂದು ದ್ವಾರದ ಉಪ್ಪರಿಗೆಯ ಮೇಲೆ ಕುಳಿತು, ಗೌರವಾರ್ಹನಾದ ಭಿಕ್ಷುವೊಬ್ಬನನ್ನು ಕರೆತರುವಂತೆ ಅಪ್ಪಣೆಮಾಡಿದನು. ಸೊಗಸಾದ ಉಡುಪಿನ ಒಬ್ಬ ಭಿಕ್ಷುವನ್ನು ಕರೆತಂದರು, ದೊರೆ ಬೇಡವೆಂದನು. ಅಷ್ಟರಲ್ಲಿ ತೇಪೆ ಹಾಕಿದ ಕಾಷಾಯವನ್ನು ಹೊದ್ದ ಮತ್ತೊಬ್ಬನು ದಕ್ಷಿಣದ ದಾರಿಯಿಂದ ಬಂದನು. ಅವನ ಹೊರೆಯಲ್ಲಿದ್ದುದು ಚಹ ಕಾಯಿಸುವ ಪಾತ್ರೆಗಳು ಮಾತ್ರ. ಚುಂಗ್‌ದಾಮ್ ಎಂಬ ಈ ಭಿಕ್ಷುವು ನಾಮ್ಸಾನ್ ಬೆಟ್ಟದಲ್ಲಿದ್ದ ಮೈತ್ರೇಯ ವಿಗ್ರಹಕ್ಕೆ ಚಹವನ್ನು ಅರ್ಪಿಸಿ ಹಿಂದಿರುಗುತ್ತಿದ್ದನು. ದೊರೆಯು ತನಗೂ ಒಂದು ಬಟ್ಟಲು ಬೇಕೆಂದು ಕೇಳಿ ಕುಡಿದು, ಬಳಿಕ ಪ್ರಜೆಗಳ ಕ್ಷೇಮವನ್ನು ಕುರಿತು ಒಂದು ಹಾಡು ಕಟ್ಟೆಂದನು. ದೊರೆ ತಂದೆ, ಮಂತ್ರಿಗಳು ತಾಯಿ, ಪ್ರಜೆಗಳು ಮಕ್ಕಳು. ಮಕ್ಕಳಿಗೆ ಉಣಿಸಿದರೆ ನಾಡು ಉಳಿಯುತ್ತದೆ ಎಂಬುದು ಆ ಹಾಡಿನ ತಾತ್ಪರ್ಯ. ದೊರೆ ಕೊಡಬಂದ ರಾಜಗುರುವಿನ ಪದವಿಯನ್ನು ಭಿಕ್ಷು ಒಪ್ಪಲಿಲ್ಲ. ಚಹದ ಬಟ್ಟಲೊಂದು ಪ್ರಜೆಗಳ ಅನ್ನದ ಮಾತಿಗೆ ಕಾರಣವಾದುದು ಹೀಗೆ. ಮುಂದಿನ ಸಾವಿರ ವರ್ಷಗಳಲ್ಲಿ ಇವೆರಡೂ ಅನೇಕ ಸಲ ಎದುರಾದುವು. ಆದರೆ ಇಷ್ಟು ಸೌಮ್ಯವಾಗಿ ಅಲ್ಲ.

ಗಿಡವು ಆ ನೆಲದಲ್ಲಿ ಬೇರೂರಿದ ಬಗೆಯನ್ನು ೧೧೪೫ರಲ್ಲಿ ರಚಿತವಾದ ‘ಸಾಮ್ಗುಕ್ ಸಾಗಿ’ ಎಂಬ ಇತಿಹಾಸವು ತಿಳಿಸುತ್ತದೆ. ೮೨೮ರಲ್ಲಿ ಚೀನದ ತಾಂಗ್ ಆಸ್ಥಾನದಿಂದ ಹಿಂದಿರುಗಿದ ದೇರ್ಯೊಮ್ ಎಂಬ ರಾಯಭಾರಿಯು ಚಹದ ಬೀಜಗಳನ್ನು ತಂದನು. ಹುಂಗ್‌ದೊಕ್ ದೊರೆಯು ಅವನ್ನು ಜಿರಿಸಾನ್ ಬೆಟ್ಟದಲ್ಲಿ ನೆಡಿಸಿದನು. ಚಹವು ಏಳನೆಯ ಶತಮಾನದ ಸೊನ್‌ದೊಕ್ ರಾಣಿಯ ಕಾಲದಿಂದಲೇ ಇದ್ದರೂ ಬೆಳೆದು ಹರಡಿದುದು ಈಗಲೇ ಎಂದು ಅದೇ ಗ್ರಂಥ ಹೇಳುತ್ತದೆ. ಇದಕ್ಕಿಂತ ಹಳೆಯದೆಂಬ ಒಂದು ಐತಿಹ್ಯವೂ ಉಂಟು. ಅದು ಭಾರತೀಯರಿಗೆ ಕುತೂಹಲಕರವಾದುದು. ಕ್ರಿ. ಶ. ೪೮ರಲ್ಲಿ ‘ಆಯುತ’ ಎಂಬ ದೇಶದಿಂದ ಹಡಗಿನಲ್ಲಿ ಬಂದು ಗಾಯಾ ರಾಜ್ಯದ ಸುರೋ ದೊರೆಯ ಕೈಹಿಡಿದ ಹೊ ಹ್ವಾಂಗ್-ಓಕ್ ಎಂಬ ರಾಜಕುಮಾರಿಯ ಕಥೆ ‘ಸಾಮ್ಗುಕ್ ಯುಸಾ’ದಲ್ಲಿದೆ. ಆಯುತವೆಂದರೆ ಅಯೋಧ್ಯೆಯೆಂದು ಹಲವರು ಊಹಿಸಿದ್ದಾರೆ. ಆಕೆ ಭಾರತದಿಂದ ಚಹದ ಬೀಜವನ್ನೂ ತಂದಳೆಂಬ ಜನಶ್ರುತಿಯನ್ನು ಯಿ ನುಂಗ್-ಹ್ವಾ ಎಂಬ ಪಂಡಿತನು ೧೯೧೮ರಲ್ಲಿ ಪ್ರಕಟವಾದ ತನ್ನ ಬೌದ್ಧಧರ್ಮದ ಇತಿಹಾಸದಲ್ಲಿ ಎತ್ತಿಹೇಳಿದನು. ಇದು ಚರಿತ್ರೆಯಲ್ಲ, ಜನರ ನಂಬಿಕೆ.

ಜಿರಿಸಾನ್ ದಕ್ಷಿಣ ಕೊರಿಯಾದ ದೊಡ್ಡ ಬೆಟ್ಟಸಾಲು. ಅದರ ದಕ್ಷಿಣದ ಮಗ್ಗುಲಲ್ಲಿ ಸೊಮ್ಜಿನ್ ನದಿಯ ಕಡೆಗೆ ಇಳಿಯುವ ಕಣಿವೆಗೆ ಹ್ವಾಗೆ, ಅಂದರೆ ‘ಹೂವರಳುವ ಊರು’, ಎಂದು ಹೆಸರು. ಈಗ ಅದು ಹಾದೊಂಗ್ ಜಿಲ್ಲೆಗೆ ಸೇರಿದೆ. ಕಣಿವೆಯ ಮೇಲ್ಗಡೆ ಸಾಂಗ್ಗೆಸಾ ಎಂಬ ವಿಹಾರವಿದೆ. ಅಲ್ಲಿ ೮೮೭ರಲ್ಲಿ ನಿಲ್ಲಿಸಿದ ಒಂದು ಶಿಲಾಶಾಸನವು ಜಿಂಗಾಮ್ ಎಂಬ ಗುರುವಿನ ಜೀವಿತವನ್ನು ಹೇಳುತ್ತದೆ. ಬರೆದವನು ಚೊಯೆ ಚಿ-ವೊನ್ ಎಂಬ ಪ್ರಸಿದ್ಧ ವಿದ್ವಾಂಸ. ಯಾರಾದರೂ ಚೀನದ ಬೆಲೆಬಾಳುವ ಚಹವನ್ನು ತಂದುಕೊಟ್ಟರೆ, ಆ ಗುರು ಅದನ್ನು ಪುಡಿಮಾಡುವ ಸಂಭ್ರಮವೊಂದನ್ನೂ ಮಾಡದೆ ಕಲ್ಲಿನ ಪಾತ್ರೆಗೆ ಹಾಕಿ ಸೌದೆಯ ಉರಿಯಲ್ಲಿ ಕುದಿಸಿ, ತನಗೆ ರುಚಿಯ ಗೊಡವೆಯಿಲ್ಲ, ಹೊಟ್ಟೆ ನೆನೆದರೆ ಸಾಕು ಎನ್ನುತ್ತಿದ್ದನಂತೆ. ಬೆಟ್ಟದ ಚಹದ ಮೊದಲ ಗುಣ ಈ ಸರಳತೆ.

ಗೋರ್ಯೋ ಅರಸರ ಕಾಲದಲ್ಲಿ (೯೧೮–೧೩೯೨) ಈ ಸರಳತೆ ಉಳಿಯಲಿಲ್ಲ. ಬೌದ್ಧಧರ್ಮವು ರಾಜಾಶ್ರಯವನ್ನು ಪಡೆದಿದ್ದ ಆ ಕಾಲದಲ್ಲಿ ದೀಪೋತ್ಸವಕ್ಕೂ ರಾಜಸಭೆಗೂ ಚಹ ಬೇಕಾಗಿದ್ದಿತು. ಅದಕ್ಕಾಗಿಯೇ ‘ದಾಬಾಂಗ್’ ಎಂಬ ಒಂದು ಇಲಾಖೆ ಏರ್ಪಟ್ಟಿತು. ಪುಣ್ಯಕಾರ್ಯಗಳಿಗೆಂದು ದೊರೆಯೇ ಕುಳಿತು ಚಹ ಬೀಸುವುದುಂಟೆಂದೂ, ಅದು ರಾಜದೇಹಕ್ಕೆ ತಕ್ಕ ಶ್ರಮವಲ್ಲವೆಂದೂ ಚೊಯೆ ಸುಂಗ್-ನೊ ಎಂಬ ಮಂತ್ರಿಯು ೯೮೨ರ ತನ್ನ ಬಿನ್ನವತ್ತಳೆಯಲ್ಲಿ ಆಕ್ಷೇಪಿಸಿದನು. ೧೧೨೩ರಲ್ಲಿ ಬಂದ ಚೀನದ ರಾಯಭಾರಿ ಷೂ ಜಿಂಗ್ ಎಂಬವನು ಈ ದೇಶದ ಚಹ ಕಹಿ, ಒಗರು, ಬಾಯಿಗಿಡಲು ಬಾರದು ಎಂದು ಬರೆದಿಟ್ಟನು. ದೊಡ್ಡವರು ಚೀನದ ಚಹವನ್ನು ಬೆಲೆಕೊಟ್ಟು ತರಿಸುತ್ತಿದ್ದರು. ಆದರೂ ಬೆಟ್ಟದ ಚಿಗುರನ್ನು ಬಿಡಲಿಲ್ಲ.

ಆ ಚಿಗುರು ರಾಜಧಾನಿಗೆ ಬರುತ್ತಿದ್ದ ಬಗೆ ಯಿ ಗ್ಯು-ಬೊ (೧೧೬೮–೧೨೪೧) ಎಂಬ ಕವಿಯ ಒಂದು ಪದ್ಯದಿಂದ ತಿಳಿಯುತ್ತದೆ. ಒಬ್ಬ ಗುರು ಅವನಿಗೆ ವಸಂತದ ಮೊದಲನೆಯ ಚಹವನ್ನು ಕಾಣಿಕೆಯಾಗಿ ಕೊಟ್ಟನು. ಕವಿ ಅದನ್ನು ಎಳೆಗೂಸಿಗೆ ಹೋಲಿಸಿ ಹೆಸರಿಟ್ಟು ಹೊಗಳಿದನು. ಅದೇ ಚಹವನ್ನು ಕುರಿತು ಮತ್ತೊಬ್ಬ ಮಿತ್ರನಿಗೆ ಬರೆದ ಪದ್ಯದಲ್ಲಾದರೋ ಅವನಿಗೆ ಹ್ವಾಗೆಯ ನೆನಪು ಬಂದಿತು. ಅಧಿಕಾರಿಗಳು ಮುದುಕರೆನ್ನದೆ ಮಕ್ಕಳೆನ್ನದೆ ಎಲ್ಲರನ್ನೂ ಹಿಡಿದು ತಂದು, ಕಾಡುಬೆಟ್ಟಗಳ ಕಡಿದಾದ ಇಳುಕಲಿನಲ್ಲಿ ಚಿಗುರು ಆಯಿಸಿ, ದೂರದ ರಾಜಧಾನಿಗೆ ಹೆಗಲ ಮೇಲೆ ಹೊರಿಸಿದುದನ್ನು ಅವನು ವರ್ಣಿಸುತ್ತಾನೆ. ತಾನು ಹೊಗಳಿದ ಪೇಯವು ಜನರ ಮೈಯ ಮಾಂಸವೇ ಎಂದು ಅವನಿಗೆ ತೋರಿತು. ನೀನು ಮುಂದೆ ದೊರೆಗೆ ಬುದ್ಧಿ ಹೇಳುವ ಪದವಿಗೆ ಬಂದಾಗ ಇದನ್ನು ಮರೆಯಬೇಡ. ಈ ತೆರಿಗೆ ನಿಲ್ಲುವುದಕ್ಕೆ ಆ ಕಾಡನ್ನೇ ಸುಟ್ಟರೂ ಮೇಲು ಎಂದು ಅವನು ಮಿತ್ರನಿಗೆ ಹೇಳಿದನು. ಚಹವನ್ನು ಅಷ್ಟು ಪ್ರೀತಿಸಿದವನು ಚಹದ ಕಾಡಿಗೆ ಬೆಂಕಿಯನ್ನು ಬಯಸಿದುದು ಸಾಮಾನ್ಯವಾದ ಮಾತಲ್ಲ.

೧೩೯೨ರಲ್ಲಿ ಜೋಸೋನ್ ವಂಶವು ಪಟ್ಟಕ್ಕೆ ಬಂದು ಬೌದ್ಧ ವಿಹಾರಗಳ ಆಸ್ತಿಯನ್ನು ಕಿತ್ತುಕೊಂಡು ಕನ್‌ಫ್ಯೂಷಿಯಸನ ಮತವನ್ನು ಎತ್ತಿಹಿಡಿಯಿತು. ಚಹ ಕುಡಿಯುವವರು ಕಡಮೆಯಾದರು. ಚಹದ ತೆರಿಗೆ ಮಾತ್ರ ಉಳಿಯಿತು. ಅದರ ಭಾರವನ್ನು ತೋರಿಸಲು ಹಮ್ಯಾಂಗ್ ಎಂಬ ಊರಿನ ನಿದರ್ಶನವೊಂದೇ ಸಾಕು. ಇದು ಜಿರಿಸಾನ್ ಬೆಟ್ಟದ ಉತ್ತರದ ತಪ್ಪಲಲ್ಲಿದೆ. ೧೪೭೧ರಲ್ಲಿ ಕಿಮ್ ಜೊಂಗ್-ಜಿಕ್ (೧೪೩೧–೧೪೯೨) ಎಂಬ ವಿದ್ವಾಂಸನು ಇಲ್ಲಿಗೆ ಅಮಲ್ದಾರನಾಗಿ ಬಂದನು. ಊರಿನಲ್ಲಿ ಚಹವೇ ಬೆಳೆಯುತ್ತಿರಲಿಲ್ಲ; ಆದರೂ ಪ್ರತಿವರ್ಷವೂ ಅರಮನೆಗೆ ಚಹ ಸಲ್ಲಬೇಕೆಂದು ದಫ್ತರದಲ್ಲಿ ಬರೆದಿದ್ದಿತು. ಜನರು ನೆರೆಯ ಜೊಲ್ಲಾ ಪ್ರಾಂತಕ್ಕೆ ಹೋಗಿ ಕೊಂಡು ತರಬೇಕಾಗಿದ್ದಿತು. ಬೆಲೆ, ಒಂದು ‘ಮಾಲ್’ ಅಕ್ಕಿಗೆ ಒಂದು ‘ಹಾಪ್’ ಚಹ. ನೂರು ಹಾಪಿಗೆ ಒಂದು ಮಾಲ್. ಎಂದರೆ ಒಂದು ಅಳತೆ ಎಲೆಗೆ ನೂರು ಅಳತೆ ಅಕ್ಕಿ. ಚಳಿಗಾಲದ ಕೊನೆಗೆ ಒಲೆ ಆರುವ ನಾಡಿನಲ್ಲಿ ಈ ನೂರು ಅಳತೆಯ ಅರ್ಥವನ್ನು ವಿವರಿಸಬೇಕಾದುದಿಲ್ಲ.

ಕಿಮ್ ಜೊಂಗ್-ಜಿಕನು ಮೊದಲು ಮಾಡಿದ ಕೆಲಸ ಜನರಿಂದ ಚಹವನ್ನು ಕೇಳದೆ, ಕಚೇರಿಯ ಮೂಲಕವೇ ಅಲ್ಲಿ ಇಲ್ಲಿ ಬೇಡಿ ತಂದು ಅರಮನೆಗೆ ಕಳುಹಿಸಿದುದು. ಬಳಿಕ ಹಳೆಯ ಇತಿಹಾಸವನ್ನು ಓದುತ್ತಿದ್ದಾಗ, ಸಿಲ್ಲಾ ಕಾಲದಲ್ಲಿ ಚಹದ ಬೀಜವನ್ನು ಜಿರಿಸಾನಿನಲ್ಲಿ ನೆಡಿಸಿದರೆಂಬ ವಾಕ್ಯ ಅವನ ಕಣ್ಣಿಗೆ ಬಿದ್ದಿತು. ಈ ಊರು ಅದೇ ಬೆಟ್ಟದ ಕೆಳಗಿದೆಯಲ್ಲ, ಆ ಬೀಜದ ಸಂತಾನ ಎಲ್ಲಿಯಾದರೂ ಉಳಿದಿರಬಾರದೇಕೆ ಎಂದು ಅವನಿಗೆ ಹೊಳೆಯಿತು. ಕಂಡ ಕಂಡ ಹಿರಿಯರನ್ನೆಲ್ಲ ವಿಚಾರಿಸಿದನು. ಕೊನೆಗೆ ಓಮ್ಚೊನ್ಸಾ ವಿಹಾರದ ಉತ್ತರಕ್ಕಿದ್ದ ಬಿದಿರು ಮೆಳೆಯಲ್ಲಿ ಕೆಲವು ಪೊದೆಗಳು ಸಿಕ್ಕಿದುವು. ಅಲ್ಲಿಯೇ ಒಂದು ತೋಟವನ್ನು ಮಾಡಿಸಲು ನಿಶ್ಚಯಿಸಿದನು. ಸುತ್ತಲೂ ಇದ್ದುದು ರೈತರ ಹೊಲ. ಅದನ್ನು ಕಸಿದುಕೊಳ್ಳದೆ, ಬದಲಿಗೆ ಸರ್ಕಾರದ ಜಮೀನನ್ನು ಕೊಟ್ಟು ಪಡೆದನು. ಕೆಲವೇ ವರ್ಷಗಳಲ್ಲಿ ಗಿಡಗಳು ತೋಟದ ತುಂಬ ಹರಡಿದುವು. ಇನ್ನು ನಾಲ್ಕೈದು ವರ್ಷಗಳಲ್ಲಿ ಅರಮನೆಯ ಲೆಕ್ಕ ತೀರುವಷ್ಟು ಎಲೆ ಬರುವುದೆಂದು ಅವನು ಸಂತೋಷದಿಂದ ಬರೆದನು. ಮುನ್ನೂರು ವರ್ಷಗಳಿಗೂ ಹಿಂದಿನ ಒಂದು ಗ್ರಂಥದ ಒಂದು ವಾಕ್ಯವು ಒಂದು ಊರಿನ ಅಕ್ಕಿಯನ್ನು ಉಳಿಸಲು ನೆರವಾದುದು ಚರಿತ್ರೆಯ ಓದಿಗೆ ಸಂದ ಗೌರವವೆಂದೇ ಹೇಳಬೇಕು. ಕಿಮ್ ಜೊಂಗ್-ಜಿಕನಿಗೆ ಮಾತ್ರ ಸತ್ತ ಮೇಲೂ ನೆಮ್ಮದಿ ಸಿಕ್ಕಲಿಲ್ಲ. ಅವನ ಒಂದು ಬರಹದಲ್ಲಿ ರಾಜನಿಂದೆಯಿದೆಯೆಂದು ಆರೋಪಿಸಿ ೧೪೯೮ರಲ್ಲಿ ಅವನ ಗೋರಿಯನ್ನು ಅಗೆಸಿ ಶವಕ್ಕೆ ಶಿಕ್ಷೆ ಮಾಡಿದರು. ತೋಟವಿದ್ದ ಸ್ಥಳದಲ್ಲಿ ಈಗ ಒಂದು ಸ್ಮಾರಕಶಿಲೆ ನಿಂತಿದೆ.

ಇಷ್ಟಾದರೂ ಸಾಮಾನ್ಯರ ಮನೆಗಳಿಂದ ಚಹವು ಕ್ರಮೇಣ ಮರೆಯಾಯಿತು. ಹಬ್ಬದ ಬೆಳಗ್ಗೆ ಪಿತೃಗಳಿಗೆ ಮಾಡುವ ಪೂಜೆಗೆ ಇಂದಿಗೂ ‘ಚಾರ್ಯೆ’, ಎಂದರೆ ಚಹದ ವಿಧಿ, ಎಂದೇ ಹೆಸರು; ಆದರೆ ಅಲ್ಲಿ ಸಾಮಾನ್ಯವಾಗಿ ಎರೆಯುವುದು ಅಕ್ಕಿಯ ಮದ್ಯ. ನಿತ್ಯದ ಸಾಧಾರಣ ಸಂಗತಿಗೆ ‘ಚಹ-ಅನ್ನದ ವಿಷಯ’ ಎಂಬ ನುಡಿಗಟ್ಟು ಉಳಿದಿದೆ. ಊಟವಾದ ಮೇಲೆ ಕುಡಿಯುತ್ತಿದ್ದುದು ಮಾತ್ರ ಹಂಡೆಯ ತಳದಲ್ಲಿ ಹತ್ತಿದ ಅನ್ನಕ್ಕೆ ನೀರು ಹಾಕಿ ಕಾಯಿಸಿದ ಸುಂಗ್ನ್ಯುಂಗ್. ಮಾತು ನಿಂತಿತು, ವಸ್ತು ಹೋಯಿತು. ಚಹ ಉಳಿದುದು ಎರಡು ಕಡೆ: ಬೆಟ್ಟದ ವಿಹಾರಗಳಲ್ಲಿ, ಮತ್ತು ಹ್ವಾಗೆಯಂತಹ ಹಳ್ಳಿಗಳ ಔಷಧದ ಮಡಕೆಯಲ್ಲಿ. ಹಾದೊಂಗಿನ ಹೆಂಗಸರು ‘ಜೆಕ್ಸಾಲ್’ ಎಂದು ಕರೆಯುವ ಎಲೆಯನ್ನು ಒಣಗಿಸಿಟ್ಟು, ಮನೆಯವರಿಗೆ ಶೀತವಾದಾಗ ಕುದಿಸಿ ಕೊಡುತ್ತಿದ್ದರು. ಗುಬ್ಬಿಯ ನಾಲಗೆಯೆಂದು ಪಂಡಿತರು ಚಿಗುರಿಗೆ ಇಟ್ಟಿದ್ದ ಹೆಸರೇ ಅವರ ಬಾಯಲ್ಲಿ ಸವೆದು ಹಾಗಾಯಿತೆಂದು ಹೇಳುತ್ತಾರೆ.

ಚಹವು ಪಂಡಿತರ ಕೈಗೆ ಮರಳಿ ಬಂದುದು ಒಂದು ದೇಶಭ್ರಷ್ಟತೆಯ ಕಾರಣದಿಂದ. ಜಿರಿಸಾನಿನಿಂದ ಪಶ್ಚಿಮಕ್ಕೆ, ಪರ್ಯಾಯದ್ವೀಪದ ನೈಋತ್ಯ ಮೂಲೆಯಲ್ಲಿ, ಗಾಂಗ್‌ಜಿನ್ ಎಂಬ ಸಮುದ್ರತೀರದ ಊರಿದೆ. ಕ್ರೈಸ್ತಮತದ ಸಂಬಂಧದಿಂದ ಹಬ್ಬಿದ ೧೮೦೧ರ ರಾಜಕೋಪದಲ್ಲಿ ಜೊಂಗ್ ಯಾಕ್-ಯೊಂಗ್ (೧೭೬೨–೧೮೩೬) ಎಂಬ ಮಹಾವಿದ್ವಾಂಸನನ್ನು ಇಲ್ಲಿಗೆ ಗಡಿಪಾರು ಮಾಡಿದರು. ಮೊದಲು ಅವನಿಗೆ ಆಶ್ರಯ ಕೊಟ್ಟವಳು ಹೆಂಡದಂಗಡಿಯ ಒಬ್ಬ ಮುದುಕಿ. ೧೮೦೫ರಲ್ಲಿ ಸಮೀಪದ ಬೆಂಗ್‌ನ್ಯೊನ್ಸಾ ವಿಹಾರದ ಹ್ಯೆಜಾಂಗ್ ಎಂಬ ಭಿಕ್ಷುವಿನ ಸ್ನೇಹವಾಯಿತು. ಅಜೀರ್ಣದಿಂದ ನರಳುತ್ತಿದ್ದ ಅವನು ಆ ಭಿಕ್ಷುವಿಗೆ ಚಹವನ್ನು ಬೇಡಿ ಪತ್ರ ಬರೆದನು. ೧೮೦೮ರಲ್ಲಿ ಚಹ ಬೆಳೆಯುವ ಗುಡ್ಡದ ಮೇಲಣ ಮನೆಯೊಂದಕ್ಕೆ ಬಂದು, ಆ ಗುಡ್ಡದ ಹೆಸರಾದ ‘ದಾಸಾನ್’, ಎಂದರೆ ಚಹದ ಬೆಟ್ಟ, ಎಂಬುದರಿಂದಲೇ ಪ್ರಸಿದ್ಧನಾದನು.

ಮರುವರ್ಷವೇ, ೧೮೦೯ರಲ್ಲಿ, ಆ ಸೀಮೆಗೆ ಘೋರವಾದ ಕ್ಷಾಮ ಬಂದಿತು. ಬೆಟ್ಟದ ಮೇಲಿನ ಮನೆಯಿಂದ ದಾಸಾನನು ಕಂಡುದು ಕೆಂಪಗೆ ಸುಟ್ಟ ನೆಲ, ಮತ್ತು ಆ ನೆಲದಲ್ಲಿ ಸ್ಸುಕ್ ಸೊಪ್ಪನ್ನು ಹುಡುಕುತ್ತಿದ್ದ ಹೆಂಗಸರು. ಅದನ್ನು ಗಂಜಿ ಕಾಯಿಸುವುದೇ ಅವರ ಊಟವಾಯಿತು. ಅವನು ಇದನ್ನು ಕುರಿತು ಪದ್ಯಗಳನ್ನು ಬರೆದನು. ಒಂದೇ ಕೈ ಚಹವನ್ನು ಬೇಡಿ ಬರೆಯಿತು. ಸೊಪ್ಪಿನ ಗಂಜಿಯ ದುಃಖವನ್ನೂ ಬರೆಯಿತು. ಊರ ಅಧಿಕಾರಿಯು ಪ್ರಜೆಗಳನ್ನು ಹೇಗೆ ಕಾಪಾಡಬೇಕೆಂಬುದನ್ನು ಕುರಿತ ‘ಮೊಂಗ್ಮಿನ್ ಸಿಮ್ಸೊ’ ಎಂಬ ಅವನ ಮಹಾಗ್ರಂಥವು ೧೮೧೮ರಲ್ಲಿ ಇಲ್ಲಿಯೇ ರೂಪುಗೊಂಡಿತು. ಆ ವರ್ಷವೇ ಅವನಿಗೆ ಬಿಡುಗಡೆಯಾಯಿತು. ಅಗಲುವಾಗ ಹದಿನೆಂಟು ಮಂದಿ ಶಿಷ್ಯರು ಕೂಡಿ ಒಂದು ಒಪ್ಪಂದ ಮಾಡಿಕೊಂಡರು: ಪ್ರತಿವರ್ಷವೂ ಏಪ್ರಿಲ್ ೨೦ರ ಸುಮಾರಿನ ‘ಗೊಗು’, ಎಂದರೆ ಧಾನ್ಯದ ಮಳೆಯ, ಕಾಲದಲ್ಲಿ ಕಿತ್ತ ಎಳೆಯ ಎಲೆಯ ಚಹವನ್ನೂ, ಬೇಸಗೆ ಹುಟ್ಟುವ ಮೊದಲು ಮಾಡಿದ ಬಿಲ್ಲೆಯ ಚಹವನ್ನೂ, ತಮ್ಮ ಪದ್ಯಗಳನ್ನೂ ಗುರುವಿಗೆ ಕಳುಹಿಸತಕ್ಕದ್ದು. ಹ್ವಾಗೆಯ ಜನರ ಹೆಗಲನ್ನು ಮುರಿದ ವಸಂತದ ಚಿಗುರು ಇಲ್ಲಿ ಯಾರ ಬಲಾತ್ಕಾರವೂ ಇಲ್ಲದೆ ಅದೇ ದೂರವನ್ನು ನಡೆಯಿತು.

ಗಾಂಗ್‌ಜಿನ್ನಿನ ನೆರೆಯ ಹೇನಾಮ್ ಜಿಲ್ಲೆಯ ದೇಹುಂಗ್ಸಾ ವಿಹಾರದ ಚೊಯಿ (೧೭೮೬–೧೮೬೬) ಎಂಬ ಭಿಕ್ಷುವೂ ದಾಸಾನನಲ್ಲಿ ಓದಿದವನು. ಅವನು ಮೊದಲು ಮಾಡಿದುದು ಜಿರಿಸಾನಿನ ಚಿಲ್ಬುಲ್ ಆಶ್ರಮದಲ್ಲಿ ೧೮೨೮ರಲ್ಲಿ ಒಂದು ಚೀನೀ ಗ್ರಂಥದಿಂದ ಚಹದ ಭಾಗವನ್ನು ನಕಲು ಮಾಡಿಕೊಂಡುದು. ಕೊನೆಗೆ ೧೮೩೭ರಲ್ಲಿ ‘ದೊಂಗ್ದಾಸೊಂಗ್’ ಎಂಬ ಸ್ವಂತ ಕೃತಿಯಲ್ಲಿ ಚೀನದವರ ನಿಯಮವನ್ನೇ ತಿದ್ದಿದನು. ಗೊಗುವಿಗೆ ಮುಂಚೆ ಕಿತ್ತ ಎಲೆಯೇ ಶ್ರೇಷ್ಠವೆಂದು ಗ್ರಂಥಗಳ ಮತ. ತನ್ನ ಅನುಭವದಲ್ಲಿ ಕೊರಿಯಾದ ನೆಲಕ್ಕೆ ಅದು ಬಹಳ ಬೇಗ, ಮೇ ತಿಂಗಳ ಮೊದಲಲ್ಲಿ ಬೇಸಗೆ ಹುಟ್ಟಿದ ಮೇಲೆಯೇ ತಕ್ಕ ಕಾಲ ಎಂದು ಅವನು ಬರೆದನು. ಅವನ ಸಮವಯಸ್ಕ ಮಿತ್ರ, ಮಹಾಲಿಪಿಕಾರ ಕಿಮ್ ಜೊಂಗ್-ಹುಯಿ, ೧೮೪೦ರಿಂದ ೧೮೪೮ರ ವರೆಗೆ ಜೆಜು ದ್ವೀಪದಲ್ಲಿ ಗಡಿಪಾರಾಗಿದ್ದಾಗ, ನಿನ್ನನ್ನೂ ನಿನ್ನ ಪತ್ರವನ್ನೂ ನೋಡುವ ಆಸೆಯಿಲ್ಲ, ಚಹವನ್ನು ಮಾತ್ರ ತಡಮಾಡದೆ ಕಳುಹಿಸು ಎಂಬರ್ಥದ ಕಾಗದಗಳನ್ನು ಹುಸಿಮುನಿಸಿನಿಂದ ಬರೆಯುತ್ತಿದ್ದನು. ಭಿಕ್ಷುವು ಸಮುದ್ರವನ್ನು ದಾಟಿ ತಾನೇ ಹೋಗಿ ಬಂದನು.

೧೯೧೦ರಿಂದ ೧೯೪೫ರ ವರೆಗಿನ ಜಪಾನೀಯರ ಆಳಿಕೆಯಲ್ಲಿ ಚಹವು ವ್ಯಾಪಾರದ ಬೆಳೆಯಾಯಿತು. ಗಾಂಗ್‌ಜಿನ್ನಿಗೆ ಸಮೀಪದ ಬೊಸೊಂಗ್ ಗುಡ್ಡಗಳಲ್ಲಿ ೧೯೪೦ರ ಸುಮಾರಿಗೆ ಅವರು ತೋಟವನ್ನು ಹಾಕಿದರು. ಯುದ್ಧದ ತರುವಾಯ ಪಾಳುಬಿದ್ದುದನ್ನು ಕೊರಿಯದವರು ೧೯೫೭ರಿಂದ ಮರಳಿ ಎತ್ತಿದರು. ಗುಡ್ಡದ ಸುತ್ತಳತೆಯನ್ನು ಅನುಸರಿಸಿ ಸಾಲುಸಾಲಾಗಿ ಕತ್ತರಿಸಿದ ಆ ಹಸುರನ್ನು ನೋಡಲು ಈಗ ವಸಂತದಲ್ಲಿ ಜನ ನೆರೆಯುತ್ತಾರೆ. ಹ್ವಾಗೆಯ ತೋಟಗಳಾದರೋ ಬಂಡೆಗಳ ನಡುವೆ ಹಳೆಯ ಪೊದೆಗಳಾಗಿಯೇ ಇವೆ. ಎಲೆಯನ್ನು ಕೈಯಿಂದ ಕಿತ್ತು, ಕಾದ ಕಬ್ಬಿಣದ ಬಾಣಲೆಯಲ್ಲಿ ಬಾಡಿಸಿ, ಚಾಪೆಯ ಮೇಲೆ ಉಜ್ಜಿ, ಮತ್ತೆ ಬಾಣಲೆಗೆ ಹಾಕುವ ಕ್ರಮ ಅಲ್ಲಿ ಬಿಟ್ಟುಹೋಗಿಲ್ಲ. ಈ ಬೇಸಾಯವನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು ೨೦೧೭ರಲ್ಲಿ ಲೋಕದ ಮುಖ್ಯ ಕೃಷಿಪರಂಪರೆಗಳ ಪಟ್ಟಿಗೆ ಸೇರಿಸಿತು.

ಜವೆಗೋದಿಯ ಘಟ್ಟವೂ ಕೊನೆಗೆ ಬಯಲಾಯಿತು. ೧೯೫೦–೫೩ರ ಯುದ್ಧದ ಬಳಿಕವೂ ಹಳ್ಳಿಗಳು ಅದನ್ನು ಹತ್ತುತ್ತಲೇ ಇದ್ದುವು. ೧೯೭೨ರಿಂದ ದಕ್ಷಿಣ ಕೊರಿಯಾದಲ್ಲಿ ‘ತೊಂಗಿಲ್’ ಎಂಬ ಹೆಚ್ಚು ಇಳುವರಿಯ ಭತ್ತವು ಹರಡಿತು. ೧೯೭೭ರ ವೇಳೆಗೆ ಆ ದೇಶ ತನ್ನ ಅಕ್ಕಿಯನ್ನು ತಾನೇ ಬೆಳೆದುಕೊಂಡಿತು. ಈಗ ಏಪ್ರಿಲಿನಲ್ಲಿ ಹಾದೊಂಗಿಗೆ ಹೋದವರಿಗೆ ಸೊಮ್ಜಿನ್ ನದಿಯ ಸಣ್ಣ ಚಿಪ್ಪುಮೀನಿನ ತಿಳಿಸಾರೂ, ಬೆಟ್ಟದ ಸೊಪ್ಪುಗಳ ಹತ್ತಾರು ತಟ್ಟೆಗಳೂ, ಗೊಗುವಿಗೆ ಮುಂಚಿನ ಎಳೆಯ ಚಹವೂ ಒಂದೇ ದಿನ ದೊರೆಯುತ್ತವೆ. ಒಂದು ಕಾಲಕ್ಕೆ ಅಕ್ಕಿಯಿಲ್ಲದೆ ತಿಂದ ಸ್ಸುಕ್ ಈಗ ಊಟದ ವಿಶೇಷವಾಗಿದೆ. ಅದನ್ನು ಬಡಿಸುವ ಮನೆಯ ಮುದುಕಿಯರಲ್ಲಿ ಕೆಲವರು ಚಿಕ್ಕಂದಿನಲ್ಲಿ ಆ ಘಟ್ಟವನ್ನು ಹತ್ತಿದವರು. ಅವರಿಗೆ ಆ ಸೊಪ್ಪಿನ ಗಂಜಿಯ ಬಣ್ಣ ಇನ್ನೂ ನೆನಪಿದೆ.

ಚಹದ ಚಿಗುರು ಎಲ್ಲ ಕಾಲದಲ್ಲಿಯೂ ಒಂದೇ ಬಗೆಯಾಗಿ ಮೂಡಿತು. ಚುಂಗ್‌ದಾಮನು ಅದನ್ನು ಕೊಟ್ಟನು. ಗೋರ್ಯೋ ಅಧಿಕಾರಿಗಳು ಅದನ್ನು ಕಿತ್ತುಕೊಂಡರು. ಕಿಮ್ ಜೊಂಗ್-ಜಿಕನು ಅದನ್ನು ನೆಟ್ಟನು. ದಾಸಾನನ ಶಿಷ್ಯರು ಅದನ್ನು ಕಳುಹಿಸಿದರು. ಕಿತ್ತುಕೊಂಡವರಿಂದ ಅದು ಒಮ್ಮೆ ಬೆಂಕಿಗೆ ಅರ್ಹವೆನಿಸಿತು; ಉಳಿದ ಮೂವರಿಂದಲೂ, ಶೀತ ಹಿಡಿದ ಮಗುವಿಗೆ ಎಲೆ ಕುದಿಸಿದ ಹೆಸರಿಲ್ಲದ ತಾಯಂದಿರಿಂದಲೂ ಅದು ಬದುಕಿತು.